ಲಂಡನ್ ಸಿಸ್ಟಮ್ ಎದುರು ಕಪ್ಪು ಕಾಯಿಗಳು: ಬಿಳಿ ಇನ್ನೂ ಆಡದ ನಡೆ ಯಾವುದು?

ಪ್ರಶ್ನೆ: ನನ್ನ ಚೆಸ್ ರೇಟಿಂಗ್ 1500ರ ಆಸುಪಾಸಿನಲ್ಲಿದೆ. ಮೊದಲ ನಡೆಯಲ್ಲಿ ಡಿ4 (ಅಕ್ಷರ ಬೋರ್ಡಿನ ಉದ್ದಸಾಲು, ಅಂಕಿ ಅಡ್ಡಸಾಲು) ಆಡುವ ಎದುರಾಳಿಗಳಲ್ಲಿ ಅರ್ಧಕ್ಕರ್ಧ ಮಂದಿ ಈಗ ಬಿಷಪ್ಪನ್ನು ಬೇಗನೆ ಎಫ್4ಕ್ಕೆ ತರುವ ಲಂಡನ್ ಸಿಸ್ಟಮ್ ಆಡುತ್ತಾರೆ. ಅವರ ನಡೆಗಳೆಲ್ಲ ನನಗೆ ಬಾಯಿಪಾಠವಾಗಿವೆ, ಆದರೂ ಸೋಲುತ್ತೇನೆ. ಒಮ್ಮೆ ಅವರಂತೆಯೇ ಬಿಷಪ್ಪನ್ನು ಎಫ್5ಕ್ಕೆ ತರುತ್ತೇನೆ, ಒಮ್ಮೆ ಜಿ6 ಆಡಿ ಬಿಷಪ್ಪನ್ನು ಜಿ7ಕ್ಕೆ ತರುವ ಕಿಂಗ್ಸ್ ಇಂಡಿಯನ್ ಆಡುತ್ತೇನೆ, ಇನ್ನೊಮ್ಮೆ ಕುದುರೆಯನ್ನು ಎಚ್5ಕ್ಕೆ ಹಾರಿಸಿ ಬಿಷಪ್ಪನ್ನು ಅಟ್ಟುತ್ತೇನೆ. ಕಂಪ್ಯೂಟರ್ ಎಂಜಿನ್ ಪ್ರತಿ ಬಾರಿಯೂ ಸಮಬಲ ಎನ್ನುತ್ತದೆ. ಒಂದೇ ಉತ್ತರವನ್ನು ಆರಿಸಿಕೊಳ್ಳಬೇಕೆಂದರೆ ಯಾವುದು? ಅಥವಾ ಮೊದಲ ನಡೆಯಲ್ಲೇ ಇ5 ಎಂದು ಪಾನ್ ಬಲಿಕೊಡುವ ಎಂಗ್ಲುಂಡ್ ಗ್ಯಾಂಬಿಟ್ ಆಡಿ ಈ ತಲೆನೋವನ್ನೇ ತಪ್ಪಿಸಿಕೊಳ್ಳಲೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡ ಮಾತು ಕೊನೆಯದಲ್ಲ, ನಡುವಿನದು: "ಬಾಯಿಪಾಠವಾಗಿವೆ, ಆದರೂ ಸೋಲುತ್ತೇನೆ." ಲಂಡನ್ ಎದುರು ಸೋಲುವ ಬಹಳಷ್ಟು ಮಂದಿಯ ಕಥೆ ಇದೇ. ಎದುರಾಳಿ ಮುಂದೆ ಏನು ಆಡುತ್ತಾನೆಂದು ಗೊತ್ತಿದೆ ಎಂಬ ನಂಬಿಕೆಯಲ್ಲಿ ಮೊದಲ ಎಂಟು ಹತ್ತು ನಡೆಗಳನ್ನು ಬೋರ್ಡ್ ನೋಡದೆಯೇ ಆಡಿಬಿಡುತ್ತೇವೆ. ಕಣ್ಣು ತೆರೆಯುವ ಹೊತ್ತಿಗೆ ಬಿಳಿ ಕುದುರೆ ಇ5ರಲ್ಲಿ ಕುಳಿತಿರುತ್ತದೆ, ಬಿಷಪ್ ಡಿ3ರಿಂದ ಎಚ್7ನ್ನು ದಿಟ್ಟಿಸುತ್ತಿರುತ್ತದೆ.

ಈ ವ್ಯವಸ್ಥೆಯ ಪೂರ್ತಿ ಚಿತ್ರವನ್ನು ಒಮ್ಮೆ ಎದುರಿಗಿಟ್ಟುಕೊಳ್ಳೋಣ. ಪಾನ್‌ಗಳು ಡಿ4, ಇ3, ಸಿ3ರಲ್ಲಿ. ಕಪ್ಪು ಮನೆಗಳ ಬಿಷಪ್ ಎಫ್4ರಲ್ಲಿ, ಇನ್ನೊಂದು ಡಿ3ರಲ್ಲಿ. ಕುದುರೆಗಳು ಎಫ್3 ಮತ್ತು ಡಿ2ರಲ್ಲಿ. ಬಿಷಪ್ಪಿಗೆ ಹಿಂದೆ ಸರಿಯಲು ಜಾಗವಿರಲೆಂದು ಎಚ್3. ಒಟ್ಟು ಎಂಟು ನಡೆಗಳು. ಎಂಟೂ ಮುಗಿದ ಮೇಲೆ ಇದು ನಿಜಕ್ಕೂ ಗಟ್ಟಿ ಕೋಟೆ. ಆದರೆ ಎಂಟನ್ನೂ ಒಂದೇ ಸಲ ಆಡಲು ಯಾರಿಗೂ ಸಾಧ್ಯವಿಲ್ಲ. ಮೂರನೆಯ, ನಾಲ್ಕನೆಯ, ಐದನೆಯ ನಡೆಯ ಹೊತ್ತಿನಲ್ಲಿ ಕೋಟೆಯ ಯಾವುದಾದರೂ ಒಂದು ಕಲ್ಲು ಇನ್ನೂ ಬಿದ್ದಿರುವುದಿಲ್ಲ. ಆದ್ದರಿಂದ ಬಿಳಿ ಏನು ಆಡಿದೆ ಎಂಬುದಕ್ಕಿಂತ, ಇನ್ನೂ ಏನನ್ನು ಆಡಿಲ್ಲ ಎಂಬುದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಪ್ಪು ಕಾಯಿಗಳ ಒಳ್ಳೆಯ ಉತ್ತರಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಇದನ್ನು ಸೋಮಾರಿಗಳ ಓಪನಿಂಗ್ ಎಂದು ಹಗುರವಾಗಿ ಕಾಣಬೇಡಿ. ಕಾಪಾಬ್ಲಾಂಕಾ ಗೆದ್ದ 1922ರ ಲಂಡನ್ ಟೂರ್ನಿಯಿಂದ ಇದಕ್ಕೆ ಈ ಹೆಸರು ಬಂತು. ನೂರು ವರ್ಷಗಳ ಬಳಿಕ, 2023ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೆಯ ಪಂದ್ಯದಲ್ಲಿ ಡಿಂಗ್ ಲಿರೆನ್ ಇದನ್ನೇ ಆಡಿ ನೆಪೊಮ್ನಿಯಾಚಿಯನ್ನು ಸೋಲಿಸಿದರು. 2024ರಲ್ಲಿ ಗುಕೇಶ್ ಎದುರು ಮತ್ತೆ ಆರನೆಯ ಪಂದ್ಯದಲ್ಲಿ ಅದನ್ನೇ ಹೂಡಿದರು. ಆಗ ಕಪ್ಪು ಕಾಯಿಗಳಲ್ಲಿದ್ದ ಗುಕೇಶ್, ನಡೆಗಳ ಪುನರಾವರ್ತನೆಯಿಂದ ಡ್ರಾ ಆಗುವ ಅವಕಾಶವನ್ನು ಒಪ್ಪದೆ ಆಟ ಮುಂದುವರಿಸಿದರು; ಕೊನೆಗೆ ಪಂದ್ಯ ಡ್ರಾ ಆಯಿತು. ಈ ಎರಡೂ ಪಂದ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಇದನ್ನು ಬುಡಮೇಲು ಮಾಡುವ ಉತ್ತರ ಯಾವುದೂ ಇಲ್ಲ. ಕಪ್ಪು ಕಾಯಿಗಳಿಗೆ ಹೆದರಿಕೆಗೆ ಕಾರಣವೂ ಇಲ್ಲ.

ಈಗ ಆಯ್ಕೆಯ ವಿಷಯ. ನನ್ನ ಶಿಫಾರಸು ಡಿ5, ಕುದುರೆ ಎಫ್6, ಸಿ5, ಕುದುರೆ ಸಿ6 ಎಂಬ ಕ್ರಮ. ಕಾರಣ ಸರಳ. ಸಿ1ರ ಬಿಷಪ್ ಎಫ್4ಕ್ಕೆ ಹೊರಟ ಕ್ಷಣದಲ್ಲಿ ಬಿ2 ಪಾನ್ ತನ್ನ ಕಾವಲುಗಾರನನ್ನು ಕಳೆದುಕೊಂಡಿತು. ಇದು ಲಂಡನ್ ಆಡುವವರು ಎರಡನೆಯ ನಡೆಯಲ್ಲೇ ತೆರುವ ಬೆಲೆ. ಆ ಬೆಲೆಯನ್ನು ವಸೂಲಿ ಮಾಡುವ ನೇರ ದಾರಿಯೆಂದರೆ ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತರುವುದು.

ಎರಡನೆಯ ನಡೆಯಲ್ಲೇ ಸಿ5 ಆಡುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಆಗ ಬಿಳಿ ಇ4 ಎಂದು ಪಾನ್ ಬಲಿಕೊಟ್ಟು ಆಟವನ್ನು ಕದಡಬಹುದು. ಕುದುರೆಯನ್ನು ಮೊದಲು ಎಫ್6ಕ್ಕೆ ತಂದರೆ ಇ4 ನಿಮ್ಮ ಹಿಡಿತದಲ್ಲಿರುತ್ತದೆ, ಆ ಗೊಂದಲ ತಪ್ಪುತ್ತದೆ. ಕ್ರಮ ಹೀಗೆ ಸಾಗುತ್ತದೆ: ಡಿ4 ಡಿ5, ಬಿಷಪ್ ಎಫ್4 ಕುದುರೆ ಎಫ್6, ಇ3 ಸಿ5, ಸಿ3 ಕುದುರೆ ಸಿ6. ಇಲ್ಲಿ ನಿಲ್ಲಿ. ಐದನೆಯ ನಡೆಯಲ್ಲಿ ಬಿಳಿ ಯಾವ ಕುದುರೆಯನ್ನು ಹೊರತರುತ್ತದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ, ಮತ್ತು ನಿಮ್ಮ ಮಟ್ಟದ ಆಟಗಾರರು ಇಲ್ಲೇ ಅಡ್ಡಾದಿಡ್ಡಿಯಾಗಿ ಆಡುತ್ತಾರೆ.

ಕುದುರೆ ಎಫ್3ಕ್ಕೆ ಬಂದಿತು ಎನ್ನಿ. ಅಂದರೆ ರಾಣಿಯ ಕಡೆಯ ಕುದುರೆ ಇನ್ನೂ ಬಿ1ರಲ್ಲಿದೆ. ಈಗ ರಾಣಿಯನ್ನು ಬಿ6ಕ್ಕೆ ತನ್ನಿ. ಬಿ2 ಪಾನನ್ನು ಕಾಯಲು ಹೆಚ್ಚಿನವರು ತಮ್ಮ ರಾಣಿಯನ್ನು ಬಿ3ಕ್ಕೆ ತಂದು ನಿಮ್ಮೆದುರು ನಿಲ್ಲಿಸುತ್ತಾರೆ. ಇಲ್ಲಿ ನೀವಾಗಿ ರಾಣಿಯನ್ನು ಹೊಡೆಯಬೇಡಿ. ಹೊಡೆದರೆ ಎ ಪಾನ್ ಬಿ3ಕ್ಕೆ ಬಂದು ಅವರ ರೂಕ್‌ಗೆ ಎ ಫೈಲ್ (ಎ ಉದ್ದಸಾಲು) ಪುಕ್ಕಟೆಯಾಗಿ ತೆರೆದುಕೊಳ್ಳುತ್ತದೆ. ಬದಲಿಗೆ ಸಿ4 ಎಂದು ಪಾನನ್ನು ಮುಂದೂಡಿ. ಅವರು ಬಿ6ರಲ್ಲಿ ಹೊಡೆದರೆ ಅದೇ ಎ ಫೈಲ್ ಈಗ ನಿಮ್ಮದು. ಬಿ ಫೈಲಿನಲ್ಲಿ ಒಂದರ ಹಿಂದೊಂದು ಜೋಡಿ ಪಾನ್ ಆಯಿತೆಂದು ಕೊರಗುವ ಅಗತ್ಯವಿಲ್ಲ. ಮುಂದಿನ ಪಾನ್ ಬಿ5ಕ್ಕೆ, ಅಲ್ಲಿಂದ ಬಿ4ಕ್ಕೆ ನುಗ್ಗುತ್ತದೆ, ಹಿಂದಿನದು ಅದಕ್ಕೆ ಬೆಂಬಲವಾಗಿ ಬರುತ್ತದೆ. ಎಚ್ಚರ ಬೇಕಾದದ್ದು ಒಂದೇ: ಬಿಳಿ ಕುದುರೆ ಎ3ರಿಂದ ಬಿ5ಕ್ಕೆ, ಬಿ5ರಿಂದ ಸಿ7ಕ್ಕೆ ಹಾರುವ ದಾರಿ ತೆರೆದಿದೆಯೇ ಎಂದು ಪ್ರತಿ ನಡೆಯಲ್ಲೂ ನೋಡಿ. ಎಫ್4ರ ಬಿಷಪ್ ಕೂಡ ಸಿ7ರ ಮೇಲೆಯೇ ಕಣ್ಣಿಟ್ಟಿರುತ್ತದೆ.

ಅವರು ಹೊಡೆಯದೆ ರಾಣಿಯನ್ನು ಸಿ2ಕ್ಕೆ ಸರಿಸಿದರೆ ನನಗೆ ಅತಿ ಪ್ರಿಯವಾದ ನಡೆ ಬರುತ್ತದೆ: ಬಿಷಪ್ ಎಫ್5. ನೋಡಿದರೆ ಬಿಷಪ್ಪನ್ನು ಸುಮ್ಮನೆ ಕೊಟ್ಟಂತಿದೆ. ಆದರೆ ರಾಣಿ ಅದನ್ನು ಹೊಡೆದ ಕೂಡಲೇ ನಿಮ್ಮ ರಾಣಿ ಬಿ2 ಪಾನನ್ನು ಹೊಡೆಯುತ್ತದೆ, ಎ1ರ ರೂಕ್ ಮೂಲೆಯಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೆ ಓಡಲು ದಾರಿಯಿಲ್ಲ, ಏಕೆಂದರೆ ಬಿ1ರ ಕುದುರೆ ದಾರಿಗೆ ಅಡ್ಡ ನಿಂತಿದೆ. ಡಿ5 ಪಾನನ್ನು ಹೊಡೆದು ಸೇಡು ತೀರಿಸಿಕೊಳ್ಳೋಣವೆಂದರೆ ಅಲ್ಲಿ ನಿಮ್ಮ ಎಫ್6ರ ಕುದುರೆಯ ಕಾವಲಿದೆ. ಆದ್ದರಿಂದ ತಿಳಿದವರು ರಾಣಿಯನ್ನು ಸಿ1ಕ್ಕೆ ಹಿಂದೆಗೆದುಕೊಳ್ಳುತ್ತಾರೆ. ನಿಮ್ಮ ಬಿಷಪ್ ಒಂದೂ ನಡೆ ನಷ್ಟವಿಲ್ಲದೆ ಒಳ್ಳೆಯ ಮನೆಗೆ ಬಂದಂತಾಯಿತು. ಆ ಮನೆ ಒಳ್ಳೆಯದು ಏಕೆ ಎಂಬುದನ್ನೂ ಹೇಳಬೇಕು. ಸಿ4 ಆಡಿದಾಗ ನೀವು ಡಿ4ರ ಮೇಲಿನ ಒತ್ತಡವನ್ನು ಬಿಟ್ಟುಕೊಟ್ಟಿರಿ. ಬಿಳಿಯ ಸಹಜ ಪ್ರತ್ಯುತ್ತರ ಇನ್ನು ಇ4. ಎಫ್5ರ ಬಿಷಪ್ ಮತ್ತು ಎಫ್6ರ ಕುದುರೆ ಎರಡೂ ಆ ಮನೆಯನ್ನೇ ಕಾಯುತ್ತವೆ. ಇ4 ತಡೆಯಿರಿ, ರಾಣಿಯನ್ನು ಬದಿಗೆ ಸರಿಸಿ ಬಿ5 ಮತ್ತು ಬಿ4 ಆಡಿ. ಮಧ್ಯಮ ಆಟಕ್ಕೆ ಇಷ್ಟು ಯೋಜನೆ ಸಾಕು.

ಈಗ ಅದೇ ಚಿತ್ರದಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಐದನೆಯ ನಡೆಯಲ್ಲಿ ಬಿಳಿ ಎಫ್3ರ ಬದಲು ಡಿ2ಕ್ಕೆ ಕುದುರೆ ತಂದಿದೆ. ಅದೇ ಬಿಷಪ್ ಎಫ್5 ಈಗ ದೊಡ್ಡ ತಪ್ಪು. ರಾಣಿ ಬಿಷಪ್ಪನ್ನು ಹೊಡೆಯುತ್ತದೆ, ನೀವು ಬಿ2 ಹೊಡೆಯುತ್ತೀರಿ, ಬಿ1 ಖಾಲಿಯಿರುವುದರಿಂದ ರೂಕ್ ಆರಾಮವಾಗಿ ಪಕ್ಕಕ್ಕೆ ಸರಿಯುತ್ತದೆ. ನಿಮ್ಮ ಬಿಷಪ್ ಹೋಯಿತು, ಅಷ್ಟೆ. ನನ್ನ ಬಳಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಈ ತಂತ್ರವನ್ನು ಕಲಿತ ವಾರದಲ್ಲೇ ಇದೇ ರೀತಿ ಒಂದು ಪಂದ್ಯ ಕಳೆದುಕೊಂಡಳು. ನಡೆಯನ್ನು ನೆನಪಿಟ್ಟಿದ್ದಳು, ಬಿ1ರ ಕುದುರೆಯನ್ನು ಮರೆತಿದ್ದಳು. ತಪ್ಪು ನನ್ನ ಪಾಠದ ಕ್ರಮದಲ್ಲಿತ್ತು. ಅಂದಿನಿಂದ ನಾನು ಈ ಎರಡು ಚಿತ್ರಗಳನ್ನು ಜೊತೆಯಾಗಿಯೇ ತೋರಿಸುತ್ತೇನೆ.

ಹಾಗಾದರೆ ಡಿ2ಕ್ಕೆ ಕುದುರೆ ಬಂದಾಗ ಏನು ಮಾಡಬೇಕು? ರಾಣಿಯ ಯಾತ್ರೆ ಬಿಟ್ಟುಬಿಡಿ. ಇ6 ಆಡಿ, ಬಿಷಪ್ಪನ್ನು ಡಿ6ಕ್ಕೆ ತಂದು ಎಫ್4ರ ಬಿಷಪ್ಪಿಗೆ ನೇರವಾಗಿ ಎದುರು ನಿಲ್ಲಿಸಿ. ಲಂಡನ್‌ನ ಜೀವ ಆ ಒಂದು ಬಿಷಪ್ಪಿನಲ್ಲಿದೆ. ಅದು ಬೋರ್ಡಿನಿಂದ ಹೋದರೆ ಬಿಳಿಯ ದಾಳಿಯ ಕಾವು ಅರ್ಧ ಇಳಿಯುತ್ತದೆ. ಅವರು ಡಿ6ರಲ್ಲಿ ಹೊಡೆದರೆ ರಾಣಿಯಿಂದ ಮರಳಿ ಹೊಡೆಯಿರಿ. ಅವರು ಜಿ3ಕ್ಕೆ ಹಿಂದೆ ಸರಿದರೆ, ಅಲ್ಲಿ ಹೊಡೆಯಲು ಆತುರ ಬೇಡ. ಎಚ್ ಪಾನ್ ಜಿ3ಕ್ಕೆ ಬಂದರೆ ಎಚ್1ರ ರೂಕ್ ಎದುರು ಫೈಲ್ ತೆರೆದುಕೊಳ್ಳುತ್ತದೆ, ಅದರ ಇನ್ನೊಂದು ತುದಿಯಲ್ಲಿ ನಿಮ್ಮ ರಾಜನಿರುತ್ತಾನೆ. ಬಿಳಿ ಆ ಕಡೆಗೆ ಕ್ಯಾಸ್ಲಿಂಗ್ ಮಾಡಿ ರೂಕ್ ಎಫ್1ಕ್ಕೆ ಹೋದ ಮೇಲೆ ಹೊಡೆದರೆ ಆ ಅಪಾಯ ಬಹುತೇಕ ಇಲ್ಲ. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಇನ್ನೂ ಏನು ಆಡಿಲ್ಲ?

ಇ5ರ ಕುದುರೆಯ ಬಗ್ಗೆ ಎರಡು ಮಾತು. ಸಿ5 ಪಾನಿನಿಂದ ಡಿ4ನ್ನು ಬೇಗ ಹೊಡೆದರೆ ಬಿಳಿಯ ಇ ಪಾನ್ ಡಿ4ಕ್ಕೆ ಬರುತ್ತದೆ, ಅವರ ರೂಕ್‌ಗೆ ಇ ಫೈಲ್ ಸಿಗುತ್ತದೆ, ಇ5 ಮನೆ ಅವರ ಕುದುರೆಗೆ ಕಾಯಂ ಆಸನವಾಗುತ್ತದೆ. ಡಿಂಗ್ ಗೆದ್ದ ಪಂದ್ಯದಲ್ಲಿ ಆದದ್ದು ಈ ಬಗೆಯ ಪಾನ್ ರಚನೆಯೇ. ಅದು ಕಪ್ಪಿಗೆ ಕೆಟ್ಟದ್ದಲ್ಲ, ಬಿ ಪಾನನ್ನು ಬಿ5, ಬಿ4 ಎಂದು ಓಡಿಸಿ ಸಿ3ನ್ನು ದುರ್ಬಲಗೊಳಿಸುವ ಆಟ ನಿಮಗೂ ಇದೆ. ಆದರೆ ಆ ಆಟ ನಿಧಾನದ್ದು, ರಾಜನ ಮೇಲಿನ ಅವರ ಆಟ ವೇಗದ್ದು. 1500ರ ಮಟ್ಟದಲ್ಲಿ ನಿಧಾನದ ಆಟದವರೇ ಹೆಚ್ಚು ಬಾರಿ ಎಡವುತ್ತಾರೆ. ಆದ್ದರಿಂದ ಡಿ4ರ ಮೇಲಿನ ಬಿಗಿತವನ್ನು ಹಾಗೆಯೇ ಉಳಿಸಿಕೊಳ್ಳಿ. ಇನ್ನು, ನಿಮ್ಮ ಎಫ್6ರ ಕುದುರೆ ಜಾಗ ಬಿಡುವ ಮುನ್ನ ಎಚ್7ನ್ನು ಒಮ್ಮೆ ನೋಡಿ. ಬಿಷಪ್ ಎಚ್7ರಲ್ಲಿ ಹೊಡೆದು, ಕುದುರೆ ಜಿ5ಕ್ಕೆ ಹಾರಿ, ರಾಣಿ ಎಚ್5ಕ್ಕೆ ಬರುವ ಬಲಿದಾನ ಶತಮಾನಗಳಷ್ಟು ಹಳೆಯದು, ಇಂದಿಗೂ ಫಲ ಕೊಡುತ್ತಿದೆ. ಆ ಕುದುರೆ ಎಫ್6ರಲ್ಲಿರುವ ತನಕ ಎಚ್7 ಮತ್ತು ಎಚ್5 ಎರಡೂ ಅದರ ಕಾವಲಿನಲ್ಲಿರುತ್ತವೆ.

ಬಿಳಿ ಸಿ5ರ ಪಾನನ್ನೇ ಹೊಡೆದುಬಿಟ್ಟರೆ? ಹೆದರಬೇಡಿ. ಇ6 ಆಡಿ, ಬಿಷಪ್ಪಿನಿಂದ ಮರಳಿ ಪಡೆಯಿರಿ. ಬಿ4 ಆಡಿ ಅದನ್ನು ಉಳಿಸಿಕೊಳ್ಳಲು ಹೊರಟರೆ ಎ5 ಎಂದು ಆ ಸರಪಳಿಯ ಬುಡಕ್ಕೆ ಪೆಟ್ಟು ಕೊಡಿ.

ನಿಮ್ಮ ಉಳಿದ ಪ್ರಯೋಗಗಳ ಬಗ್ಗೆಯೂ ಹೇಳುತ್ತೇನೆ. ಬಿಷಪ್ಪನ್ನು ಎರಡನೆಯ ಅಥವಾ ಮೂರನೆಯ ನಡೆಯಲ್ಲೇ ಎಫ್5ಕ್ಕೆ ತಂದು ಅವರನ್ನು ಅನುಕರಿಸುವುದು ಸೋಲುವ ಆಟವೇನೂ ಅಲ್ಲ. ಆದರೆ ನೀವು ಅವರ ಬಲವನ್ನಲ್ಲ, ಅವರ ಕೊರತೆಯನ್ನು ಎರವಲು ಪಡೆಯುತ್ತಿದ್ದೀರಿ. ಅವರ ಬಿಷಪ್ ಬಿ2ನ್ನು ಬಿಟ್ಟು ಹೋದಂತೆ ನಿಮ್ಮದು ಬಿ7ನ್ನು ಬಿಟ್ಟು ಹೋಯಿತು, ಮತ್ತು ಮೊದಲ ನಡೆ ಅವರದು. ಲಂಡನ್‌ನ ಕೋಟೆಯನ್ನೇ ನಂಬಿದವನು ಇದನ್ನು ಗಮನಿಸುವುದಿಲ್ಲ. ಬಲ್ಲವನು ತಕ್ಷಣ ಸಿ4 ಆಡಿ, ರಾಣಿಯನ್ನು ಬಿ3ಕ್ಕೆ ತಂದು ಬಿ7ನ್ನು ಕೇಳುತ್ತಾನೆ. ನಾನು ಮೇಲೆ ಶಿಫಾರಸು ಮಾಡಿದ ಬಿಷಪ್ ಎಫ್5ಕ್ಕೂ ಇದಕ್ಕೂ ಅಜಗಜಾಂತರವಿದೆ. ಅಲ್ಲಿ ಸಿ4ರ ಮೇಲೆ ನಿಮ್ಮ ಪಾನೇ ಕುಳಿತಿತ್ತು.

ಕುದುರೆಯನ್ನು ಎಚ್5ಕ್ಕೆ ಹಾರಿಸುವುದು ಒಳ್ಳೆಯ ಆಲೋಚನೆಯೇ, ಆದರೆ ಎರಡು ಷರತ್ತುಗಳಿವೆ. ಬಿಳಿ ಎಚ್3 ಆಡಿರಬಾರದು. ಆಡಿದ್ದರೆ ಬಿಷಪ್ ಎಚ್2ಕ್ಕೆ ಹೋಗಿ ಕುಳಿತುಕೊಳ್ಳುತ್ತದೆ, ನಿಮ್ಮ ಕುದುರೆ ಅಂಚಿನಲ್ಲಿ ಕೆಲಸವಿಲ್ಲದೆ ನಿಲ್ಲುತ್ತದೆ. ಹಾಗೆಯೇ ಬಿಳಿ ಕುದುರೆ ಎಫ್3ಕ್ಕೆ ಬಂದಿರಲೇಬೇಕು. ಇ3 ಆಡಿಯಾಗಿ ಎಫ್3 ಖಾಲಿಯಿದ್ದರೆ ಡಿ1ರ ರಾಣಿ ಓರೆಯಾಗಿ ನೇರ ಬಂದು ಎಚ್5ರ ಕುದುರೆಯನ್ನು ನುಂಗುತ್ತದೆ. ಇದನ್ನು ನಾನು ಎಷ್ಟೋ ಬೋರ್ಡುಗಳ ಮೇಲೆ ಕಂಡಿದ್ದೇನೆ.

ಕಿಂಗ್ಸ್ ಇಂಡಿಯನ್ ಬಗೆಗಿನ ನನ್ನ ಅಭಿಪ್ರಾಯ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಸಿ4 ಆಡುವವರ ಎದುರೂ ನೀವು ಅದನ್ನೇ ಆಡುತ್ತೀರಾ? ಹೌದಾದರೆ ಇಲ್ಲಿಯೂ ಅದನ್ನೇ ಆಡಿ, ನನ್ನ ಶಿಫಾರಸನ್ನು ಪಕ್ಕಕ್ಕಿಡಿ. ಪಾನ್ ರಚನೆಯ ಪರಿಚಯಕ್ಕಿಂತ ದೊಡ್ಡ ಸಹಾಯ ಬೇರೆಯಿಲ್ಲ. ಜಿ6, ಬಿಷಪ್ ಜಿ7, ಡಿ6, ಕ್ಯಾಸ್ಲಿಂಗ್, ಕುದುರೆ ಡಿ7, ಅನಂತರ ಇ5. ಆ ಇ5 ಸರಿಯಾದ ಸಮಯಕ್ಕೆ ಬಂದರೆ ಎಫ್4ರ ಬಿಷಪ್ಪನ್ನು ಅಟ್ಟುತ್ತಲೇ ಕೇಂದ್ರವನ್ನು ತೆರೆಯುತ್ತದೆ. ಅದಕ್ಕಾಗಿ ರಾಣಿಯನ್ನೋ ರೂಕನ್ನೋ ಇ8ಕ್ಕೆ ತಂದು, ಇ5ರಲ್ಲಿ ಯಾರು ಎಷ್ಟು ಬಾರಿ ಹೊಡೆಯಬಲ್ಲರು ಎಂದು ಎಣಿಸಿ ಆಡಿ. ಒಂದು ವೇಳೆ ನೀವು ಕಿಂಗ್ಸ್ ಇಂಡಿಯನ್ನನ್ನು ಲಂಡನ್‌ಗೆ ಮಾತ್ರ ಹೊರತೆಗೆಯುವವರಾದರೆ ಅದನ್ನು ಬಿಡಿ. ವರ್ಷಕ್ಕೆ ಹತ್ತು ಪಂದ್ಯಗಳಲ್ಲಿ ಅದರ ನಾಡಿ ಸಿಗುವುದಿಲ್ಲ.

ಒಂದು ಎಚ್ಚರಿಕೆ ಬಾಕಿಯಿದೆ. ಎಫ್4ಕ್ಕೆ ಬಿಷಪ್ ಬಂದದ್ದೆಲ್ಲ ಲಂಡನ್ ಅಲ್ಲ. ಸಿ ಪಾನ್ ಮುಂದಿಡದೆ ಕುದುರೆಯನ್ನು ಸಿ3ಕ್ಕೆ ತರುವ ಒಂದು ಬಗೆಯಿದೆ. ಜಾರ್ಜಿಯಾದ ಗ್ರ್ಯಾಂಡ್‌ಮಾಸ್ಟರ್ ಬಾದುರ್ ಜೊಬಾವಾ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಅಲ್ಲಿ ಕುದುರೆ ಬಿ5ಕ್ಕೆ ಹಾರಿದರೆ ಸಿ7ರ ಮೇಲೆ ಎರಡು ಕಾಯಿಗಳ ದಾಳಿ. ಅಭ್ಯಾಸಬಲದಿಂದ ಸಿ5 ಆಡುವ ಕೈಯನ್ನು ತಡೆದು, ಮೊದಲು ಎ6 ಆಡಿ. ಚಿಕ್ಕ ನಡೆಯಂತೆ ಕಂಡರೂ ಅದು ಬಿ5ರ ಬಾಗಿಲನ್ನು ಮುಚ್ಚುತ್ತದೆ, ಸಿ5 ಆಮೇಲೆ ನೆಮ್ಮದಿಯಿಂದ ಬರುತ್ತದೆ. ರಾಣಿಯಿಂದ ಬಿ2 ಪಾನನ್ನು ಹೊಡೆಯುವ ಆಸೆ ಹುಟ್ಟಿದಾಗಲೂ ಇದೇ ಬಿ5ನ್ನು ನೋಡಿ. ಕುದುರೆ ಅಲ್ಲಿಗೆ ಬಂದು, ರೂಕ್ ಬಿ1ಕ್ಕೆ ಸರಿದರೆ ನಿಮ್ಮ ರಾಣಿ ಮನೆಗೆ ಮರಳಲು ದಾರಿಯಿದೆಯೇ? ಇಲ್ಲವಾದರೆ ಪಾನ್ ಅಲ್ಲೇ ಇರಲಿ.

ಅಭ್ಯಾಸಕ್ಕೆ ನಿಮ್ಮದೇ ಸೋತ ಪಂದ್ಯಗಳಷ್ಟು ಒಳ್ಳೆಯ ಸಾಮಗ್ರಿ ಬೇರೆಯಿಲ್ಲ. ಎಂಜಿನ್ ತೆರೆಯುವ ಮುನ್ನ ಪ್ರತಿ ಪಂದ್ಯದ ಆರನೆಯ ನಡೆಯಲ್ಲಿ ಆಟ ನಿಲ್ಲಿಸಿ, ಆ ಎಂಟು ನಡೆಗಳಲ್ಲಿ ಬಿಳಿ ಆಡದೆ ಬಿಟ್ಟವು ಯಾವುವು ಎಂದು ಕಾಗದದ ಮೇಲೆ ಬರೆಯಿರಿ. ನಿಮ್ಮ ಮುಂದಿನ ನಡೆಗೂ ಆ ಪಟ್ಟಿಗೂ ಸಂಬಂಧವಿತ್ತೇ ಎಂದು ನೋಡಿ. ಜೊತೆಗೆ, ಒಂದಷ್ಟು ದಿನ ಬಿಳಿ ಕಾಯಿಗಳಲ್ಲಿ ನೀವೇ ಲಂಡನ್ ಆಡಿ. ಯಾವ ಕಪ್ಪು ನಡೆ ನಿಮ್ಮನ್ನು ನಿಜಕ್ಕೂ ಕಾಡುತ್ತದೆ ಎಂಬುದು ಆ ಕುರ್ಚಿಯಲ್ಲಿ ಕುಳಿತಾಗ ಗೊತ್ತಾಗುವಷ್ಟು ಚೆನ್ನಾಗಿ ಬೇರೆ ಎಲ್ಲೂ ಗೊತ್ತಾಗುವುದಿಲ್ಲ.

ಕೊನೆಯದಾಗಿ ಎಂಗ್ಲುಂಡ್ ಗ್ಯಾಂಬಿಟ್. ದಯವಿಟ್ಟು ಬೇಡ. ಅದರ ಆಕರ್ಷಣೆ ನನಗೆ ಅರ್ಥವಾಗುತ್ತದೆ: ಡಿ4 ಇ5, ಪಾನ್ ಹೊಡೆದಾಗ ಕುದುರೆ ಸಿ6, ಕುದುರೆ ಎಫ್3 ರಾಣಿ ಇ7, ಬಿಷಪ್ ಎಫ್4 ರಾಣಿ ಬಿ4 ಚೆಕ್. ಬಿಷಪ್ ಡಿ2ಕ್ಕೆ ಬಂದು ತಡೆದಾಗ ನಿಮ್ಮ ರಾಣಿ ಬಿ2ನ್ನು ಹೊಡೆಯುತ್ತದೆ. ಬಿಳಿ ಅವಸರದಲ್ಲಿ ಬಿಷಪ್ಪನ್ನು ಸಿ3ಕ್ಕೆ ತಂದರೆ ನಿಮ್ಮ ಬಿಷಪ್ ಬಿ4ಕ್ಕೆ ಬಂದು ಅದನ್ನು ರಾಜನ ಎದುರು ಕಟ್ಟಿಹಾಕುತ್ತದೆ. ಅದನ್ನು ಕಾಯಲು ರಾಣಿ ಡಿ2ಕ್ಕೆ ಬಂದಾಗ ನೀವು ಸಿ3ರಲ್ಲಿ ಹೊಡೆಯುತ್ತೀರಿ, ರಾಣಿಯಿಂದ ಅವರು ಮರಳಿ ಹೊಡೆದರೆ ಸಿ1ರಲ್ಲಿ ಚೆಕ್‌ಮೇಟ್. ನೋಡಲು ಸೊಗಸಾಗಿದೆ, ಬಿ2 ಪಾನಿನ ಕಥೆಯೇ ಇಲ್ಲಿಯೂ ನಡೆಯುತ್ತದೆ. ಆದರೆ ಬಿಷಪ್ಪಿನ ಬದಲು ಕುದುರೆ ಸಿ3ಕ್ಕೆ ಬಂದರೆ ಎಲ್ಲವೂ ಮುಗಿಯಿತು. ರೂಕ್ ಬಿ1ಕ್ಕೆ ಬಂದು ನಿಮ್ಮ ರಾಣಿಯನ್ನು ಅಟ್ಟಲು ತೊಡಗುತ್ತದೆ, ನಿಮ್ಮ ಉಳಿದ ಕಾಯಿಗಳು ಹೆಚ್ಚುಕಡಿಮೆ ಹುಟ್ಟಿದ ಮನೆಗಳಲ್ಲೇ ಇರುತ್ತವೆ, ಇ5ರ ಬಿಳಿ ಪಾನ್ ನಿಮ್ಮ ಕುದುರೆಗೆ ಎಫ್6ನ್ನು ಮುಚ್ಚಿರುತ್ತದೆ. 1500 ದಾಟಿದ ಎದುರಾಳಿಗಳಲ್ಲಿ ಈ ಕುದುರೆಯ ನಡೆ ಗೊತ್ತಿರುವವರ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ.